ಹತ್ತನೆಯ ತೋಳು

ಒಂದು ಲೋಟ ಟೀ ಕುಡಿದು ಬರೋಣವೆಂದು ಹೋದವರು ಯಾವುದೋ ದೇಶದ ಜಗಳಕ್ಕೆ ಸಾಕ್ಷಿಯಾಗಿ ಮನೆಗೆ ಬರುವುದು ನಮ್ಮೂರಿನಲ್ಲಿ ಹೊಸದೇನಲ್ಲ. ನನಗಂತೂ ಇದು ಆಗುತ್ತಲೇ ಇರುತ್ತದೆ. ನಮ್ಮೂರು ಎಂದೆನಲ್ಲ, ಅಸಲಿಗೆ ನಾನು ಹುಟ್ಟಿದ್ದು ಗಡಿಯಾಚೆ, ಸೊಲ್ಲಾಪುರದ ಕಡೆಯ ಒಂದು ಹಳ್ಳಿಯಲ್ಲಿ. ಯಜಮಾನರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಪಾಂಡವಪುರ ತಾಲ್ಲೂಕಿಗೆ ಬಂದವಳು, ಅವರು ಹೋದ ಮೇಲೂ ಇಲ್ಲೇ ಉಳಿದೆ. ಕ್ಯಾತನಹಳ್ಳಿಯಿಂದ ಸ್ವಲ್ಪ ಒಳಗಿರುವ ಈ ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟವಳು ನಾನೇ. ಇಲ್ಲಿಯ ಊಟ, ಮಾತು, ಜಗಳ ಎಲ್ಲ ಅಭ್ಯಾಸವಾಗಿದೆ. ಅರ್ಥವಾಗಿದೆ ಎಂದು ಮಾತ್ರ ಹೇಳಲಾರೆ.

೧. ಉತ್ತರದವಳು

ಅಮೆರಿಕದ ಸೇನೆ ಅಫ್ಘಾನಿಸ್ತಾನ ಬಿಟ್ಟು ಹೊರಟ ವರ್ಷ ಅದು. ಊರಿನ ಟೀ ಹೋಟೆಲಿನ ಟೀವಿಯಲ್ಲಿ ದಿನವೂ ಅದೇ. ವಿಮಾನ, ಜನ, ಧೂಳು.

ಟೀವಿ ಮುಂದಿನ ಬೆಂಚಿನ ಎರಡು ತುದಿಗೆ ಊರಿನ ಇಬ್ಬರು ಯಜಮಾನರು ಕೂರುತ್ತಿದ್ದರು. ಒಬ್ಬರು ಮೇಗಲಮನೆ ಗೌಡರು, ಇನ್ನೊಬ್ಬರು ಕೆಳಗಲಮನೆ ಗೌಡರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಒಬ್ಬರು ಮಳೆ ಬರುತ್ತದೆ ಎಂದರೆ ಸಾಕು, ಇನ್ನೊಬ್ಬರು ಕೊಡೆ ಮಡಚುತ್ತಾರೆ.

ಒಂದು ದಿನ ನಾನು ಹೋಟೆಲಿಗೆ ಹಾಲು ತರಲು ಹೋದೆ. ಮೇಗಲಮನೆ ಗೌಡರು ನನ್ನನ್ನು ನಿಲ್ಲಿಸಿದರು.

"ಸೊಲ್ಲಾಪುರದವ್ವ, ಬನ್ನಿ ಇಲ್ಲಿ. ಇದ್ಕೆ ನೀವೇ ಏಳ್ಬೇಕು. ನಿಮ್ ಕಡೇದಲ್ವಾ?"

"ಯಾವುದು?"

"ಅದೇ, ಕಾಬೂಲು."

"ಅಯ್ಯೋ, ಅದು ಬೇರೆ ದೇಶ ಗೌಡ್ರೆ."

"ಗೊತ್ತು ಕಣವ್ವ. ಆದ್ರೆ ಅದು ಉತ್ರುಕ್ಕಲ್ವಾ? ನೀವೂ ಉತ್ರುದೋರಲ್ವಾ? ನಮ್ಗಿಂತ ನಿಮ್ಗೆ ಅತ್ರ."

ನಕಾಶೆ ಹಿಡಿದು ನೋಡಿದರೆ ಅವರ ಮಾತು ಸುಳ್ಳೂ ಅಲ್ಲ. "ನಾನು ಆ ಕಡೆ ಬಿಟ್ಟು ಐವತ್ತು ವರ್ಷವಾಯಿತಲ್ಲ" ಎಂದೆ.

ಕೆಳಗಲಮನೆ ಗೌಡರು ತಲೆಯಾಡಿಸಿದರು. "ಅದೇ ಮತ್ತೆ. ನೀವ್ ಬುಟ್ ಬಂದ್ಮೇಲೇ ಅಲ್ಲೆಲ್ಲ ಕೆಟ್ಟೋಗಿರೋದು."

೨. ಬೆಂಚಿನಿಂದ ವಾಪಸಾತಿ

ಅಮೆರಿಕದ ಸೇನೆ ಬಿಟ್ಟು ಹೊರಟದ್ದು ಸರಿಯೋ ತಪ್ಪೋ ಎಂಬ ಬೆಂಚಿನ ಮೇಲಿನ ವಾದ ಒಂದು ಸಂಜೆ ಆಲೆಮನೆಯ ಮಾತಿಗೆ ತಿರುಗಿತು. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಆಲೆಮನೆ ಇಬ್ಬರಿಗೂ ಇದೆ. ಹಾಗಾಗಿ ಲೋಕದ ಯಾವ ವಿಷಯವಾದರೂ ಕೊನೆಗೆ ಕೊಪ್ಪರಿಗೆಯೊಳಕ್ಕೇ ಬೀಳುತ್ತದೆ.

ಮೇಗಲಮನೆಯವರು ಹೇಳಿದರು: "ಕೊಪ್ರಿಗೆ ಕುದೀತಿರುವಾಗ ಒಲೆ ಬುಟ್ಟು ಎದ್ದೋದ್ರೆ ಬೆಲ್ಲ ಆಯ್ತದೇನ್ಲಾ? ಮೊದ್ಲು ಎದ್ದೋನೇ ಸೋತೋನು."

ಕೆಳಗಲಮನೆಯವರು ಬಿಡಲಿಲ್ಲ. "ಇಪ್ಪತ್ ವರ್ಸ ಕುದುಸುದ್ರೂ ಬೆಲ್ಲ ಆಗ್ನಿಲ್ಲ ಅಂದ್ಮೇಲೆ ಅದು ಕಬ್ಬಿನ ಆಲೇ ಅಲ್ಲ ಕಣ್ಲಾ, ಬರೀ ನೀರು. ಮೊದ್ಲು ಎದ್ದೋನೇ ಬುದ್ವಂತ."

ಇಬ್ಬರ ಮಾತೂ ನನಗೆ ಸರಿಯೆನಿಸಿತು. ಅದೇ ನನ್ನ ತೊಂದರೆ. ಅಷ್ಟರಲ್ಲಿ ಹೋಟೆಲಿನವನು ಬಾಗಿಲು ಹಾಕಲು ಬಂದ. "ಬೆಂಚು ಒಳಗಡೆ ಆಕ್ಬೇಕು, ಎದ್ದೇಳಿ ಗೌಡ್ರೆ" ಎಂದ.

"ಅವ್ನು ಏಳ್ಲಿ" ಎಂದರು ಮೇಗಲಮನೆಯವರು.

"ಅವ್ನು ಎದ್ಮೇಲೆ ನಾನು" ಎಂದರು ಕೆಳಗಲಮನೆಯವರು.

ಹೋಟೆಲಿನವನು ಸೊಂಟದ ಮೇಲೆ ಕೈಯಿಟ್ಟು ನಿಂತ. ದೀಪ ಆರಿಸಿದ. ಇಬ್ಬರೂ ಕತ್ತಲಲ್ಲಿ ಕೂತರು. ನನಗೆ ತಡೆಯಲಾಗಲಿಲ್ಲ. "ಗೌಡ್ರೆ, ಮೊದಲು ಎದ್ದವನೇ ಬುದ್ಧಿವಂತ ಎಂದು ಈಗ ತಾನೇ ಹೇಳಿದಿರಲ್ಲ?" ಎಂದು ಕೆಳಗಲಮನೆಯವರನ್ನು ಕೇಳಿದೆ.

"ಅದು ಅಮೆರಿಕಕ್ಕೆ ಏಳಿದ್ದು ಕಣವ್ವ."

೩. ಬಾಟಲಿಗೆ ಹತ್ತು ಜನ

ಆ ದಿನಗಳಲ್ಲೇ ನನ್ನ ಅಕ್ಕ ತವರೂರಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ನನಗಿಂತ ಎಂಟು ವರ್ಷ ದೊಡ್ಡವಳು. ತಾಯಿ ಹೋದ ಮೇಲೆ ನನ್ನನ್ನು ಬೆಳೆಸಿದವಳೇ ಅವಳು. ಫೋನಿನಲ್ಲಿ "ಒಮ್ಮೆ ಬಂದ ಹೋಗ ತಂಗಿ, ನಿನ್ನ ಮಾರಿ ನೋಡಬೇಕನಸ್ತದ" ಎಂದಳು. ಹೋಗಬೇಕಾದರೆ ಗಡಿಯ ಚೆಕ್‌ಪೋಸ್ಟ್ ದಾಟಬೇಕು. ಕೊರೊನಾ ಲಸಿಕೆ ಎರಡೂ ಆಗಿರುವ ಸರ್ಟಿಫಿಕೇಟು ತೋರಿಸಿದರೆ ಬಿಡುತ್ತಾರೆಂದು ಎಲ್ಲರೂ ಹೇಳಿದರು. ನನಗೆ ಒಂದು ಆಗಿತ್ತು. ಎರಡನೆಯದಕ್ಕೆ ಪಾಂಡವಪುರಕ್ಕೆ ಹೋದರೆ, "ನಿಮ್ಮೂರಿಗೇ ನರ್ಸಮ್ಮ ಬರ್ತಾರಲ್ಲ ಅಜ್ಜಿ" ಎಂದು ವಾಪಸ್ ಕಳಿಸಿದರು.

ನರ್ಸಮ್ಮ ಬರುತ್ತಿದ್ದುದು ನಿಜ. ನಾಗಮಂಗಲದ ಕಡೆಯ ಹುಡುಗಿ, ಗಟ್ಟಿಗಿತ್ತಿ. ವಾರಕ್ಕೊಮ್ಮೆ ಐಸ್ ತುಂಬಿದ ನೀಲಿ ಡಬ್ಬ ತಂದು ಶಾಲೆಯ ಜಗಲಿಯಲ್ಲಿ ಕೂರುತ್ತಿದ್ದಳು. ನಾನು ಓಡಿಹೋಗಿ ತೋಳು ಚಾಚಿದೆ.

"ಇನ್ನೂ ಯಾರ್ ಬರ್ತಾರೆ ಅಜ್ಜಿ?"

"ನಾನೊಬ್ಬಳೇ."

"ಒಂದು ಬಾಟ್ಲಿ ತೆಗೆದ್ರೆ ಹತ್ತು ಜನಕ್ಕೆ ಹಾಕ್ಬೇಕು. ಉಳಿದ್ರೆ ಸಾಯಂಕಾಲಕ್ಕೆ ಚೆಲ್ಬೇಕು. ಹತ್ತು ಜನ ಕರ್ಕೊಂಡ್ ಬನ್ನಿ."

ಹೊರಗೆ ದುಡಿಯಲು ಹೋಗುವವರಿಗೆಲ್ಲ ಅಲ್ಲಲ್ಲೇ ಸೂಜಿ ಆಗಿತ್ತು. ಈ ಪುಟ್ಟ ಊರಿನಲ್ಲಿ ಉಳಿದವರ ಮನೆಮನೆಗೆ ಹೋದೆ. ಎಲ್ಲ ಕಡೆ ಒಂದೇ ಉತ್ತರ: "ಗೌಡ್ರು ಆಕುಸ್ಕಳ್ಲಿ, ಆಮ್ಯಾಕೆ ನಾವು." ಮೇಲುಬೀದಿಯವರಿಗೆ ಮೇಗಲಮನೆ ಗೌಡರು ಹಾಕಿಸಿಕೊಳ್ಳಬೇಕು, ಕೆಳಬೀದಿಯವರಿಗೆ ಕೆಳಗಲಮನೆ ಗೌಡರು. ಕೊನೆಗೆ ನನ್ನ ಆಯುಧ ತೆಗೆದೆ. "ಹಬ್ಬಕ್ಕೆ ರವಿಕೆ ಬೇಕೋ ಬೇಡವೋ?" ಎಂದೆ. ಅಂತೂ ಏಳು ಹೆಂಗಸರು ಒಪ್ಪಿದರು. ನಾನು ಸೇರಿ ಎಂಟು. ಇನ್ನಿಬ್ಬರು ಬೇಕು.

ಒಪ್ಪಿದವರಲ್ಲೊಬ್ಬಳು ಸಂಜೆ ಮನೆಗೆ ಬಂದು ಪಿಸುಗುಟ್ಟಿದಳು. "ಅವ್ವ, ಸೂಜಿ ಆಕುದ್ರೆ ತೋಳು ಊದ್ಕತದಂತೆ. ನಂದು ಎಡದ್ ತೋಳು ವಸಿ ಲೂಜಾಗಿ ಒಲೀರಿ."

೪. ಅದು ನಮ್ದು

ಬೇಕಾದ ಇಬ್ಬರು ಆ ಇಬ್ಬರು ಗೌಡರೇ ಆಗಿಬಿಟ್ಟರೆ? ಆಗ ಊರಲ್ಲಿ ಉಳಿದವರೆಲ್ಲ ಬರುತ್ತಾರೆ. ಈ ಆಸೆಯಿಂದ ಹೋಟೆಲಿಗೆ ಹೋದರೆ ಅಲ್ಲಿ ವಾದ ವಿದೇಶಾಂಗ ನೀತಿಗೆ ತಿರುಗಿತ್ತು. ನಮ್ಮ ದೇಶ ಬೇರೆ ದೇಶಗಳಿಗೆ ಲಸಿಕೆ ಕಳಿಸಿದ್ದು ಸರಿಯೇ? ಆಶ್ಚರ್ಯವೆಂದರೆ ಇಬ್ಬರು ಗೌಡರೂ ಒಂದೇ ಕಡೆ ಇದ್ದರು.

"ನಮ್ ಜನುಕ್ಕೇ ಇಲ್ದೆ ಪರದೇಸ್ದೋರ್ಗೆ ಕೊಟ್ಬುಟ್ರಲ್ಲ!" ಎಂದು ಮೇಗಲಮನೆಯವರು ಬೆಂಚು ಗುದ್ದಿದರು.

"ಮನೇಲಿ ಮಕ್ಳು ಅಸ್ಕೊಂಡಿರುವಾಗ ಬೀದೀಲಿ ಪಂಕ್ತಿ ಆಕ್ದಂಗಾಯ್ತು!" ಎಂದು ಕೆಳಗಲಮನೆಯವರು ಲೋಟ ಕುಕ್ಕಿದರು.

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎನಿಸಿತು. "ನಿಜ ಗೌಡ್ರೆ! ನಿಮ್ಮ ಪಾಲಿನದು ಶಾಲೆ ಜಗಲಿಗೇ ಬಂದಿದೆ. ಏಳಿ, ಹೋಗಿ ಹಾಕಿಸಿಕೊಳ್ಳೋಣ."

ಇಬ್ಬರೂ ಟೀವಿ ಕಡೆ ತಿರುಗಿದರು. ಟೀವಿಯಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು. ಅದನ್ನೇ ನೋಡಿದರು.

"ನಮ್ಗೆ ಯಾಕವ್ವ ಅದು? ಈ ವಯಸ್ಸಲ್ಲಿ ಏನೇನೋ ಚುಚ್ಚುಸ್ಕಂಡು..." ಎಂದರು ಮೇಗಲಮನೆಯವರು.

"ನಾವ್ ಆಕುಸ್ಕಳ್ಳಾಕಿಲ್ಲ. ಆದ್ರೆ ಅದು ನಮ್ದು" ಎಂದರು ಕೆಳಗಲಮನೆಯವರು.

ನನಗೆ ತಲೆ ಕೆಟ್ಟಿತು. "ಹಾಕಿಸಿಕೊಳ್ಳುವುದಿಲ್ಲ, ಬೇರೆಯವರಿಗೂ ಕೊಡಬಾರದು. ಮತ್ತೇನು ಮಾಡಬೇಕು ಗೌಡ್ರೆ?"

ಇಬ್ಬರೂ ಒಟ್ಟಿಗೆ ಹೇಳಿದರು: "ಮಡಗ್ಬೇಕು."

೫. ಮೊದಲ ವೀಳ್ಯ

ನರ್ಸಮ್ಮನ ಮುಂದೆ ಕೂತು ನನ್ನ ಕಷ್ಟ ಹೇಳಿಕೊಂಡೆ. ಮಾತಿನ ನಡುವೆ ಮೊದಲ ವೀಳ್ಯದ ಸಂಗತಿ ಬಂತು. ಈ ಊರಿನ ಯಾವುದೇ ಮದುವೆಯಲ್ಲಿ ಮೊದಲ ವೀಳ್ಯದೆಲೆ ಊರ ಯಜಮಾನರ ಮನೆಗೆ ಸಲ್ಲಬೇಕು. ಆ ಮನೆ ಯಾವುದು ಎಂಬುದೇ ಜಗಳ. ಒಮ್ಮೆ ಎರಡು ಮನೆಯವರೂ "ಮೊದ್ಲು ನಮ್ಗೆ" ಎಂದು ಪಟ್ಟು ಹಿಡಿದದ್ದರಿಂದ ಮದುಮಕ್ಕಳು ಹಾರ ಹಾಕಿಕೊಂಡು ಊಟವಿಲ್ಲದೆ ಮಧ್ಯಾಹ್ನವೆಲ್ಲ ನಿಂತಿದ್ದರು. ಕೊನೆಗೆ ಪಂಚಾಯ್ತಿ ಸೇರಿ, ಎರಡು ತಟ್ಟೆಯಲ್ಲಿ ಇಬ್ಬರು, ಒಂದೇ ಗಳಿಗೆಯಲ್ಲಿ, ಎರಡು ಮನೆಗೂ ವೀಳ್ಯ ಹಿಡಿಯಬೇಕೆಂದು ತೀರ್ಮಾನವಾಯಿತು. ಅದು ಇವತ್ತಿಗೂ ನಡೆಯುತ್ತಿದೆ.

ನರ್ಸಮ್ಮನ ಕಣ್ಣು ಮಿನುಗಿತು. "ಅಷ್ಟು ಮರ್ಯಾದೆ ಬೇಕಾ? ಬನ್ನಿ ಅಜ್ಜಿ, ಮೊದಲ ಮರ್ಯಾದೆ ನಾನ್ ಕೊಡ್ತೀನಿ."

ಹೋಟೆಲಿನ ಮುಂದೆ ಹೋಗಿ ಮೇಗಲಮನೆ ಗೌಡರಿಗೆ ಕೈಮುಗಿದಳು. "ಯಜಮಾನ್ರೆ, ಊರಿನ ಮೊದಲನೇ ಸೂಜಿ ನಿಮಗೇ ಸಲ್ಲಬೇಕು."

ಮೇಗಲಮನೆಯವರು ನಾಲಿಗೆ ಕಚ್ಚಿಕೊಂಡರು. "ಚೆ ಚೆ! ಕೆಳಗಲಮನೆಯೋರು ಇರುವಾಗ ನಾವೆಂಗವ್ವ ಮುಂದ್ಕೋಗದು? ದೊಡ್ಮನೆ ಅವ್ರದು."

ಕೆಳಗಲಮನೆಯವರು ಎದ್ದೇ ನಿಂತರು. "ಎಲ್ಲಾರ ಉಂಟಾ! ಇರೀಕರು ಅವ್ರು. ಗೌಡ್ರೆ, ತಾವೇ ದಯಮಾಡುಸ್ಬೇಕು."

"ಇಲ್ಲ ಇಲ್ಲ, ತಾವೇ."

ಹುಟ್ಟಿದಾಗಿನಿಂದ ಒಬ್ಬರಿಗೊಬ್ಬರು "ಲೇ" ಅಂದವರು, "ಕಣ್ಲಾ" ಅಂದವರು. "ತಾವು" ಎಂಬ ಮಾತು ಅವರ ಬಾಯಲ್ಲಿ ಇದೆ ಎಂದೇ ಯಾರಿಗೂ ತಿಳಿದಿರಲಿಲ್ಲ. ಹೋಟೆಲಿನವನು ಸೌಟು ಹಿಡಿದುಕೊಂಡು ಹೊರಗೆ ಬಂದು ನೋಡಿ ಹೇಳಿದ:

"ನರ್ಸಮ್ಮ, ಭಾಳ ಒಳ್ಳೇ ಮದ್ದು ಕಣ್ರವ್ವ ಇದು. ಡಬ್ಬ ತೆಗೆಯೋಕ್ ಮೊದ್ಲೇ ಗುಣ ಕಾಣುಸ್ತಾ ಐತೆ."

೬. ಎರಡು ಬಾಟಲಿ

ಅಂದು ಸಂಜೆ ಅಕ್ಕ ಮತ್ತೆ ಫೋನ್ ಮಾಡಿದಳು. ಮಾತು ಕಡಿಮೆ, ಉಸಿರು ಹೆಚ್ಚು. "ಬರ್ತಿಯೋ ಇಲ್ಲೋ, ಅಷ್ಟ ಹೇಳ" ಎಂದಳು. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ನೆಟ್ಟಗೆ ಹೋಟೆಲಿಗೆ ನಡೆದೆ.

"ಗೌಡ್ರೆ, ನಿಮ್ಮ ಸೇನೆಯ ಪಂಚಾಯ್ತಿ ಸಾಕು. ನನ್ನ ಅಕ್ಕ ಹಾಸಿಗೆ ಹಿಡಿದಿದ್ದಾಳೆ. ನಿಮ್ಮಿಬ್ಬರ ಮರ್ಯಾದೆಯಿಂದ ನಾನು ಅವಳ ಮುಖ ನೋಡದ ಹಾಗಾಗಿದೆ. ವೀಳ್ಯ ಒಟ್ಟಿಗೆ ತೆಗೆದುಕೊಳ್ಳುತ್ತೀರಲ್ಲ? ಇದನ್ನೂ ಒಟ್ಟಿಗೇ ತೆಗೆದುಕೊಳ್ಳಿ. ಎರಡು ಕುರ್ಚಿ, ಇಬ್ಬರು ನರ್ಸಮ್ಮ, ಒಂದೇ ಗಳಿಗೆ. ಯಾರು ಬರುವುದಿಲ್ಲವೋ ಅವರು ಹೆದರಿದರು ಎಂದು ಊರಿಗೆಲ್ಲ ಹೇಳುತ್ತೇನೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವೀಳ್ಯದ ಪಂಚಾಯ್ತಿ ತೀರ್ಮಾನಕ್ಕೆ ಒಪ್ಪಿದವರು ಅವರೇ. ಇಲ್ಲವೆನ್ನಲು ದಾರಿ ಇರಲಿಲ್ಲ.

ಮುಂದಿನ ವಾರ ನರ್ಸಮ್ಮ ಕ್ಯಾತನಹಳ್ಳಿ ಕಡೆಯಿಂದ ಇನ್ನೊಬ್ಬ ನರ್ಸಮ್ಮನನ್ನು ಕರೆದುಕೊಂಡು ಬಂದಳು. ಗೌಡರಿಬ್ಬರೂ ಇಸ್ತ್ರಿ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತರು. ಊರೆಲ್ಲ ಸುತ್ತ ನಿಂತಿತು. ನರ್ಸಮ್ಮ ಬಾಟಲಿಗೆ ಸೂಜಿ ಚುಚ್ಚುವಷ್ಟರಲ್ಲಿ ಕೆಳಗಲಮನೆಯವರು ಕೈ ಎತ್ತಿದರು.

"ತಡೀರಿ. ಒಂದೇ ಬಾಟ್ಲಿಂದ ತಗುದ್ರೆ ಯಾರ್ದಾರ ಒಬ್ರುದು ಮೊದ್ಲು ಆಯ್ತದೆ. ನಂಗೆ ಬ್ಯಾರೆ ಬಾಟ್ಲಿ ತಗೀರಿ."

"ಎರಡು ತೆಗೆದ್ರೆ ಇಪ್ಪತ್ತು ಜನ ಬೇಕು ಗೌಡ್ರೆ!"

"ಬತ್ತಾರೆ ತಗಿಯವ್ವ. ಎಲ್ಲೋದಾರು?"

ಎರಡು ಬಾಟಲಿ ತೆರೆದರು. ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಚುಚ್ಚಿದರು. ಇಬ್ಬರೂ ಕಣ್ಣು ಮುಚ್ಚಿದ್ದರು, ಆದ್ದರಿಂದ ಯಾರೂ ಸೋಲಲಿಲ್ಲ. ಮುಗಿಯಿತು ಎಂದುಕೊಂಡೆ. ಆಗ ಮೇಗಲಮನೆಯವರು ಕಣ್ಣು ಬಿಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ಕೇಳಿದರು.

"ನಿನ್ ಬಾಟ್ಲೀಲಿ ಇನ್ನೆಷ್ಟ್ ಉಳಿದದ್ಲಾ?"

ಅಷ್ಟೇ. ಯಾರ ಬಾಟಲಿ ಮೊದಲು ಖಾಲಿಯಾಗುತ್ತದೋ ಅವರದೇ ದೊಡ್ಡಮನೆ ಎಂದಾಯಿತು. ನನ್ನ ಏಳು ಹೆಂಗಸರು ಅವರವರ ಬೀದಿಯ ಬಾಟಲಿ ಕಡೆ ಹಂಚಿಹೋದರು. ಗದ್ದೆಯಲ್ಲಿದ್ದವರನ್ನು ಕೆಸರುಗಾಲಿನಲ್ಲೇ ಎಳೆದು ತಂದರು. ಆಲೆಮನೆಯಿಂದ ಒಲೆ ಉರಿ ಹಾಕುವವನೂ ಬಂದ. ಕೊಪ್ಪರಿಗೆ ಏನಾಯಿತೋ ಯಾರೂ ಕೇಳಲಿಲ್ಲ. ಹಾಕಿಸಿಕೊಂಡರೆ ಜ್ವರ ಬರುತ್ತದೆ ಎಂದು ನಿನ್ನೆ ತನಕ ಹೇಳುತ್ತಿದ್ದ ಗೌಡರೇ ಇಂದು "ಏನೂ ಆಗಾಕಿಲ್ಲ ಕೂತ್ಕಳ್ಲಾ" ಎಂದು ಭುಜ ಒತ್ತಿ ಕೂರಿಸುತ್ತಿದ್ದರು.

ನಾನು ಮಾತ್ರ ಕಂಬಕ್ಕೆ ಒರಗಿ ನಿಂತಿದ್ದೆ. ಮೇಲುಬೀದಿಯವಳೂ ಅಲ್ಲ, ಕೆಳಬೀದಿಯವಳೂ ಅಲ್ಲ. ಯಾವ ಬಾಟಲಿ ಮುಂದೆ ನಿಂತರೂ ಇನ್ನೊಂದು ಮನೆಗೆ ಸಿಟ್ಟು. ಹಾಗೆ ನಿಂತಿರುವಾಗ ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ಬಾಟಲಿಯಲ್ಲೂ ಒಂದೊಂದೇ ಉಳಿದಿತ್ತು. ಹಾಕಿಸಿಕೊಳ್ಳದವಳು ಅಲ್ಲಿ ನಾನೊಬ್ಬಳೇ.

"ಸೊಲ್ಲಾಪುರದವ್ವ ನಮ್ಮೋರು!" ಮೇಗಲಮನೆಯವರು ನನ್ನ ಬಲಗೈ ಹಿಡಿದರು.

"ನಮ್ಮತ್ರ ಮಜ್ಗೆ ಈಸ್ಕಳ್ಳೋರು ಕಣ್ಲಾ ಅವ್ರು!" ಕೆಳಗಲಮನೆಯವರು ಎಡಗೈ ಎಳೆದರು.

ಒಂದು ತಿಂಗಳಿನಿಂದ ಒಂದು ಸೂಜಿಗಾಗಿ ಅಲೆದವಳನ್ನು ಈಗ ಎರಡು ಸೂಜಿಗಳು ಕಾಯುತ್ತಿದ್ದವು. ನಮ್ಮ ನರ್ಸಮ್ಮನೇ ಎದ್ದು ಬಂದು ಇಬ್ಬರ ಕೈಯನ್ನೂ ಬಿಡಿಸಿದಳು. "ಈ ಅಜ್ಜಿ ಯಾರ ಮನೆಯವರೂ ಅಲ್ಲ. ಇಷ್ಟು ದಿನ ನನ್ನನ್ನು ಕಾದಿದ್ದಾರೆ. ನಾನೇ ಹಾಕ್ತೀನಿ" ಎಂದು ನನ್ನನ್ನು ಕೂರಿಸಿದಳು. ಅವಳ ಕೈಯಲ್ಲಿದ್ದುದು ಮೇಗಲಮನೆಯ ಬಾಟಲಿ. ಮೇಲುಬೀದಿಯವರು ಶಿಳ್ಳೆ ಹೊಡೆದರು. ನನ್ನ ಫೋನಿಗೆ ಸರ್ಟಿಫಿಕೇಟು ಬಂತು.

ಕೆಲವು ದಿನ ಬಿಟ್ಟು ನಾನು ಗಡಿ ದಾಟಿದೆ. ಅಕ್ಕನ ಮಂಚದ ತುದಿಗೆ ಕೂತು, ಅವಳ ಕೈ ನನ್ನ ಮಡಿಲಲ್ಲಿಟ್ಟುಕೊಂಡು ಇದನ್ನೆಲ್ಲ ಹೇಳಿದೆ. ಅವಳು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ನಕ್ಕಳು. "ನಗಸಬ್ಯಾಡವಾ, ನೋಯ್ತದ. ಮತ್ತ ಇನ್ನೊಂದ ಬಾಟ್ಲಿ ಏನಾತು? ಅದನ್ನರ ಹೇಳ" ಎಂದಳು.

ಹೇಳಿದೆ. ಕೆಳಗಲಮನೆ ಗೌಡರು ಬೀದಿಯ ತುದಿಯವರೆಗೆ ಜನ ಕಳಿಸಿದರು. ಕೆ.ಆರ್. ಪೇಟೆ ಬಸ್ಸನ್ನು ಅಡ್ಡ ಹಾಕಿದರು. ಡ್ರೈವರಿಗೂ ಆಗಿತ್ತು, ಕಂಡಕ್ಟರಿಗೂ ಆಗಿತ್ತು. ಹೊತ್ತು ಇಳಿಯಿತು. ಎರಡನೆಯ ನರ್ಸಮ್ಮ ಡಬ್ಬ ಮುಚ್ಚಲು ಹೊರಟಳು. ಗೌಡರು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತು, ಇನ್ನೊಂದು ತೋಳಿನ ಅಂಗಿ ಮೇಲೆ ಸರಿಸಿದರು.

"ಆಕವ್ವ."

"ಗೌಡ್ರೆ, ಬೆಳಿಗ್ಗೆ ತಾನೇ ಹಾಕಿದ್ದೀನಿ! ಎರಡನೇದು ಮೂರು ತಿಂಗಳಾದ್ಮೇಲೆ!"

"ಮೂರ್ ತಿಂಗ್ಳಾಯ್ತು ಅಂದ್ಕಂಡು ಆಕು. ಈ ತೋಳ್ಗೇನು ಗೊತ್ತಾಯ್ತದೆ, ಅದ್ಕಿನ್ನೂ ಒಂದೂ ಬಿದ್ದಿಲ್ಲ."

ಜಗಲಿಯ ಆ ತುದಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಗೆದ್ದ ಖುಷಿಯಲ್ಲಿದ್ದ ಮೇಗಲಮನೆ ಗೌಡರು ಇದನ್ನು ಕೇಳಿ ದಡಬಡ ಎದ್ದರು. ಪಂಚೆ ಎತ್ತಿ ಕಟ್ಟಿ, ಅಂಗಿ ತೋಳು ಮಡಚುತ್ತಲೇ ಓಡಿಬಂದರು.

"ಅವ್ನಿಗೆ ಎಲ್ಡಾಕೀಯಾ? ಅಂಗಾರೆ ಮೊದ್ಲು ನಂಗಾಕು!"