ಎಂಟನೆಯ ಸೇತುವೆ

ಎಂಜಿನಿಯರ್ ಬೆಳಗ್ಗೆ ಗಡ್ಡ ಬೋಳಿಸಿಕೊಂಡದ್ದೇ ತಪ್ಪಾಯಿತು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಆ ನುಣುಪು ಕೆನ್ನೆ ಕಂಡವರೇ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಸೇತುವೆ ಮುಗೀತು! ಸಾಮಾನು ಕಟ್ರಪ್ಪೋ!"

ಬೀದಿಯ ಅನುಭವ ಅಂಥದು. ಯುದ್ಧ ಶುರುವಾದ ಮೇಲೆ ಇವನು ಬೀದಿಯ ಪಕ್ಕದ ನದಿಗೆ ಏಳು ಸಲ ಸೇತುವೆ ಕಟ್ಟಿದ್ದ. ಕೆಲಸ ಮುಗಿಯುವ ತನಕ ಗಡ್ಡ ಮುಟ್ಟುತ್ತಿರಲಿಲ್ಲ. ಮುಗಿದ ಮರುದಿನವೇ ವೈರಿ ವಿಮಾನಗಳು ಹಾಜರ್. ಹತ್ತು ಬಾಂಬಿನಲ್ಲಿ ಎರಡು ಸೇತುವೆಗೆ ಬಿದ್ದರೆ ಉಳಿದ ಎಂಟು ದಡದ ಈ ಬೀದಿಗೆ. ಮೇಷ್ಟ್ರ ಮನೆಗೆ ಮೆಟ್ಟಿಲಿದೆ, ಮಹಡಿಯಿಲ್ಲ. ಏಳನೆಯ ಸಲ ದರ್ಜಿಯ ಹೆಂಡತಿಯ ಜೀವ ಹೋಯಿತು.

"ಅರ್ಧಕ್ಕೇ ಬಿಟ್ಬಿಡಿ ಅಂದ್ರೆ ಕೇಳಲ್ಲ," ಎಂಜಿನಿಯರನ ಹೆಂಡತಿ ಹಾಸಿಗೆ ಸುತ್ತುತ್ತ ಗೊಣಗಿದಳು.

"ಬಿಟ್ರೆ ನನ್ನನ್ನ ರಣರಂಗಕ್ಕೆ ಅಟ್ತಾರೆ ಕಣೇ. ಈ ಸಲ ಯಾರೂ ಓಡೋದು ಬೇಡ. ಮೇಲಿಂದ ನೋಡಿದ್ರೆ ಸೇತುವೆ ಕಾಣೋದೇ ಇಲ್ಲ."

ನಿಜ. ಹಲಗೆಗಳನ್ನು ಅವನು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಹಾಸಿದ್ದ. ಲಾರಿಯ ಚಕ್ರ ನೆನೆಯುತ್ತದೆ, ಅಷ್ಟೇ. ಆಕಾಶದಲ್ಲಿರುವವನಿಗೆ ಬರೀ ಕಂದು ನೀರು.

"ನೀರೊಳಗೆ ಸೇತುವೇನಾ?" ಮೇಷ್ಟ್ರು ಕಿಟಕಿಯಿಂದ ತಲೆ ತೂರಿಸಿದರು. "ಹಳೇ ಏಳೂ ಅಲ್ಲೇ ಇವೆಯಲ್ಲಯ್ಯಾ!"

ಹತ್ತು ಗಂಟೆಗೆ ಸೇತುವೆಯ ತಪಾಸಣೆ. ಬೀದಿಗೆ ಬೀದಿಯೇ ದಡದಲ್ಲಿ ನೆರೆಯಿತು. ಆಚೆ ದಡದಿಂದ ದೊಡ್ಡ ಸಾಹೇಬರ ಜೀಪು ಹೊಳೆಗೆ ಇಳಿಯಿತು. ಎಂಜಿನಿಯರ್ ಈಚೆ ನಿಂತು ಎರಡೂ ಕೈ ಬೀಸಿ ಎಡಕ್ಕೆ, ಬಲಕ್ಕೆ ಎಂದು ದಾರಿ ತೋರಿಸಿದ. ಡ್ರೈವರ್ ಅವನ ಕೈ ನೋಡಿಕೊಂಡೇ ಬಂದ. ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ.

ಇಳಿದ ಮೇಲೆ ಕೇಳಿದರು: "ಎಲ್ರೀ ಸೇತುವೆ?"

"ಅದರ ಮೇಲೇ ಬಂದ್ರಲ್ಲ ಸಾರ್!"

"ನಾನು ಬಂದಿದ್ದು ಹೊಳೇಲಿ. ಚಕ್ರ ನೋಡಿ, ಒದ್ದೆ. ಪಾದ ಮುಳುಗೋ ಹೊಳೆಗೆ ಎಂಟು ಸಲ ಮರ ತರಿಸಿದ್ದೀರಾ?"

ಎಂಜಿನಿಯರ್ ಉದ್ದನೆಯ ಗಳ ತಂದು ಹಲಗೆಯ ಪಕ್ಕದಲ್ಲಿ ಇಳಿಬಿಟ್ಟ. ಗಳ ಪೂರ್ತಿ ಮುಳುಗಿತು. "ನೋಡಿ ಸಾರ್, ಎರಡಾಳು ಆಳ!"

"ಯಾವ ಹೊಳೇಲೂ ಒಂದೆರಡು ಗುಂಡಿ ಇರ್ತಾವೆ," ಎಂದ ಸಾಹೇಬರು ಜನರ ಕಡೆ ತಿರುಗಿದರು. "ನೀವು ಹೇಳಿ, ಇಲ್ಲಿ ಸೇತುವೆ ಇದೆಯಾ?"

ದರ್ಜಿ ಮುಂದೆ ಬಂದ. "ಇಲ್ಲಿ ಸೇತುವೆ ಇಲ್ಲ ಸ್ವಾಮಿ. ನಮಗೆ ಬೇಕಾಗೂ ಇಲ್ಲ."

ಎಂಜಿನಿಯರನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು.

"ಕೇಳಿದ್ರಲ್ಲ? ನಾಳೆ ರಣರಂಗಕ್ಕೆ ಹೊರಡಿ," ಎಂದು ಸಾಹೇಬರು ಜೀಪು ಹತ್ತಿದರು. ಡ್ರೈವರ್ ಮತ್ತೆ ಎಂಜಿನಿಯರನ ಕೈಯತ್ತ ನೋಡಿದ.

"ಅವನ ಕುಣಿತ ಏನು ನೋಡ್ತೀಯೋ? ನೇರ ಬಿಡು!"

"ಸಾರ್, ಎಡಕ್ಕೆ! ಎಡಕ್ಕೆ!"

ಜೀಪು ಹತ್ತು ಗಜ ಹೋಗಿ ಎಮ್ಮೆಯ ಹಾಗೆ ಪಕ್ಕಕ್ಕೆ ವಾಲಿ, ಗುಳುಗುಳು ಎಂದು ಮುಳುಗಿತು. ಡ್ರೈವರ್ ಈಜಿ ದಡ ಸೇರಿದ. ಸಾಹೇಬರು ಕೈಕಾಲು ಬಡಿಯುತ್ತ ಏನನ್ನೋ ತಬ್ಬಿ ಮೇಲೆ ಹತ್ತಿದರು. ಆಮೇಲೆ ನೋಡಿದರೆ, ಹೊಳೆಯ ನಡುವೆ ಪಾದ ಮುಳುಗುವಷ್ಟು ನೀರಿನಲ್ಲಿ ನೆಟ್ಟಗೆ ನಿಂತಿದ್ದಾರೆ! ಕಾಲಿನಿಂದ ಒಮ್ಮೆ ತಟ್ಟಿದರು. ಇನ್ನೊಮ್ಮೆ ತಟ್ಟಿದರು.

"ಸೇತುವೆ ಇದೆ!" ಎಂದು ಕಿರುಚಿದರು.

"ಇದೆ ಸಾರ್!" ಎಂದ ಎಂಜಿನಿಯರನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಯುದ್ಧದಲ್ಲಿ ಅವನು ಸಂತೋಷಪಟ್ಟದ್ದು ಅದೊಂದೇ ಗಳಿಗೆ.

ಸಾಹೇಬರು ದಡಕ್ಕೆ ಬಂದು, ನೀರು ತೊಟ್ಟಿಕ್ಕುತ್ತಲೇ ವರ್ಗಾವಣೆ ರದ್ದು ಮಾಡಿದರು. ಬೆನ್ನು ತಟ್ಟಿದರು. ಆಮೇಲೆ ಆಜ್ಞೆ ಬರೆಸಿದರು: "ಸೇತುವೆ ಭದ್ರವಾಗಿದೆ. ಆದರೆ ಕಾಣಿಸದ ಕಾರಣ ಜೀವಕ್ಕೆ ಅಪಾಯಕಾರಿ. ಇಂದೇ ಎರಡೂ ಬದಿಗೆ ಆಳೆತ್ತರದ ಕಟಕಟೆ ನಿಲ್ಲಿಸಿ, ದೂರದಿಂದಲೂ ಕಾಣುವಂತೆ ಸುಣ್ಣ ಬಳಿಯತಕ್ಕದ್ದು."

"ಸಾರ್, ದೂರದಿಂದ ಅಂದ್ರೆ... ಮೇಲಿಂದಾನೂ..."

"ಎಲ್ಲಾ ಕಡೆಯಿಂದಾನೂ!" ಎಂದು ಸಾಹೇಬರು ಸೀನಿದರು.

ಸಂಜೆಯೊಳಗೆ ಕಟಕಟೆ ಎದ್ದಿತು. ಅದನ್ನು ನಿಲ್ಲಿಸಿದ ಆಳುಗಳು ಕೂಲಿಗೂ ಕಾಯದೆ ಊರು ಬಿಟ್ಟರು. ಬೀದಿಯವರು ಗಂಟುಮೂಟೆ ಹೊತ್ತು ಅವರ ಹಿಂದೆಯೇ ನಡೆದರು. ಸುಣ್ಣದ ಬಕೆಟ್ಟು, ಕುಂಚ ಎಂಜಿನಿಯರನ ಪಾಲಿಗೇ ಉಳಿದವು.

ಹೆಂಡತಿ ಹಾಸಿಗೆಯ ಸುರುಳಿ ಹೊತ್ತು ದಡದಲ್ಲಿ ಒಂದು ಗಳಿಗೆ ನಿಂತಳು. ಬಿಳಿ ಕಟಕಟೆಯನ್ನು ಸಿಟ್ಟಿನಿಂದ ದಿಟ್ಟಿಸಿದಳು.

"ಅಲ್ಲೊಂದು ಕಂಬ ಮಸುಕಾಗಿದೆ ನೋಡಿ," ಎಂದಳು. "ಇನ್ನೊಂದು ಕೈ ಬಳೀರಿ."

ಅವನು ಇನ್ನೊಂದು ಕೈ ಬಳಿದ.