ಒಣಗಿದ ಮೇಲೆ ಬಂದ ಸಾಹೇಬರಿಗೆ

ರಸ್ತೆ ಮತ್ತು ಚರಂಡಿ ವಿಭಾಗದ ಹಿರಿಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ತಗ್ಗಿನ ಓಣಿಯ ಕೊನೆಯ ಮನೆಯ ದರ್ಜಿ ಹೆಂಗಸು ಮಾಡುವ ಅನಂತ ನಮಸ್ಕಾರಗಳು. ತಾವೂ ತಮ್ಮ ಮನೆಯವರೂ ಒಣನೆಲದ ಮೇಲೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾವು ಮಂಚದ ಮೇಲೆ ಕ್ಷೇಮ.

ಕಳೆದ ಮಂಗಳವಾರ ಸಂಜೆ, ಈ ಬೇಸಿಗೆಯ ಗುಡುಗು ಮಳೆ ಮುಕ್ಕಾಲು ಗಂಟೆ ಹೊಯ್ದು, ನೀರು ಹೇಳದೆ ಕೇಳದೆ ಒಳನುಗ್ಗಿ, ಏಳಲಾರದೆ ಮಲಗಿರುವ ನಮ್ಮ ಅತ್ತೆಯ ಹಾಸಿಗೆಯ ಅಂಚು ಮುಟ್ಟಿದಾಗ, ತಿಳಿಗೇಡಿಯಾದ ನಾನು ದೇವರನ್ನೇ ಬೈದೆ. ನೀರಿಳಿದ ಮೇಲೆ ನೋಡಿದರೆ, ತಾವು ಹೊಸದಾಗಿ ಹಾಕಿಸಿದ ಡಾಂಬರು ಚರಂಡಿಯ ಬಾಯನ್ನೂ ಸೇರಿಸಿ ನುಣ್ಣಗೆ ಮುಚ್ಚಿತ್ತು. ತಪ್ಪಾಯಿತಪ್ಪಾ, ನಿನ್ನ ಪಾಲಿನದು ಮಳೆ ಮಾತ್ರ, ಉಳಿದದ್ದು ಇಲಾಖೆಯದು ಎಂದು ದೇವರಿಗೆ ಕೈಮುಗಿದೆ. ಅಂಥ ನಯದ ಕೆಲಸ ನನ್ನ ಹೊಲಿಗೆಯಲ್ಲೂ ಇಲ್ಲ. ಆದರೆ ಜೇಬಿನ ಬಾಯಿ ಹೊಲಿದು ಕೊಟ್ಟರೆ ಗಿರಾಕಿಗಳು ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ದೂರು ಕೊಟ್ಟ ಮೂರನೆಯ ದಿನ ಉರಿಬಿಸಿಲಲ್ಲಿ ತಾವೇ ದಯಮಾಡಿಸಿ, "ಎಲ್ಲಮ್ಮಾ ನೀರು? ತೋರ್ಸಿ" ಅಂದಿರಿ. ಗೋಡೆಯ ಮೇಲಿನ ಕೆಸರಿನ ಗೆರೆ ತೋರಿಸಿದರೆ "ಇದು ಹಳೇ ಬಣ್ಣ" ಅಂದಿರಿ. ನಮ್ಮ ಅತ್ತೆ ಮಲಗಿದಲ್ಲಿಂದಲೇ, "ಮುಂದಿನ ಸಲ ನೀರು ಬಂದ್ರೆ ಹಿಡಿದಿಟ್ಕೊಂಡಿರ್ತೀವಪ್ಪಾ, ನೀನು ಊಟ ಮುಗಿಸ್ಕೊಂಡು ನಿಧಾನಕ್ಕೆ ಬಾ" ಅಂದರು. ಎಂಬತ್ತು ದಾಟಿದವರು, ಕ್ಷಮಿಸಬೇಕು. ತಾವು "ನೀರು ಕಂಡುಬಂದಿಲ್ಲ" ಎಂದು ಬರೆದುಕೊಂಡು ಹೊರಟಿರಿ.

ಆದ್ದರಿಂದ ವಿನಂತಿ ಏನೆಂದರೆ, ಇನ್ನು ಮುಂದೆ ಗುಡುಗು ಮಳೆಗಳು ರಜಾದಿನ ಬಿಟ್ಟು ಕಚೇರಿಯ ವೇಳೆಯಲ್ಲೇ ಸುರಿದು, ತಾವು ಬಂದು ನೋಡುವವರೆಗೆ ನೀರು ಮನೆಯೊಳಗೇ ನಿಂತಿರತಕ್ಕದ್ದೆಂದು ಆದೇಶ ಹೊರಡಿಸಬೇಕು. ಅದಾಗದಿದ್ದರೆ ಅತ್ತೆಗೆ ಈಜು ಕಲಿಸಲು ಒಬ್ಬರನ್ನು ನೇಮಿಸಬೇಕು. ಅದೂ ಆಗದಿದ್ದರೆ ಚರಂಡಿಯ ಬಾಯಿ ಬಿಡಿಸಿಕೊಡಬೇಕು. ಮಂಚದ ಕಾಲುಗಳಿಗೆ ನಾಲ್ಕು ನಾಲ್ಕು ಇಟ್ಟಿಗೆ ಕೊಟ್ಟಾಗಿದೆ. ಇನ್ನೂ ಎತ್ತರಿಸಿದರೆ ಅವರಿಗೆ ಒಂದು ಗುಟುಕು ನೀರು ಕುಡಿಸಲು ನನಗೆ ಏಣಿ ಬೇಕಾಗುತ್ತದೆ.

ಇಷ್ಟಾದರೂ ನಂಬಿಕೆ ಕೊಚ್ಚಿಹೋಗದ,
ತಮ್ಮ ವಿಶ್ವಾಸಿ,
ಕೊನೆಯ ಮನೆಯ ದರ್ಜಿ ಹೆಂಗಸು

ಮತ್ತೊಂದು ಮಾತು: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಮತ್ತೆ ಮೋಡ ಕವಿಯಿತು. ದೇವರ ಹೆಸರು ಹೇಳಿ, ಪಕ್ಕದ ಮನೆಯ ಗಾರೆ ಕೆಲಸದವರ ಹೆಂಡತಿಯೂ ನಾನೂ ಹಾರೆ ಹಿಡಿದು, ತಮ್ಮ ಹೊಸ ರಸ್ತೆಯನ್ನು ಒಂದು ಮೊಳ ಒಡೆದು ಚರಂಡಿಯ ಬಾಯಿ ಬಿಡಿಸಿದೆವು. ಮಳೆ ಬಂತು, ನೀರು ತನ್ನ ದಾರಿ ಹಿಡಿದು ಹೋಯಿತು, ಅತ್ತೆ ಗೊರಕೆ ಹೊಡೆಯುತ್ತಿದ್ದಾರೆ. ಸರ್ಕಾರಿ ರಸ್ತೆ ಒಡೆಯುವುದು ಅಪರಾಧವಂತೆ. ಅದಕ್ಕಾದರೆ ತಮ್ಮವರು ಅದೇ ದಿನ ಬರುತ್ತಾರಂತೆ. ಅವಸರವಿಲ್ಲ, ಬನ್ನಿ. ಗುಂಡಿ ಎಲ್ಲಿಗೂ ಹರಿದುಹೋಗುವುದಿಲ್ಲ.