ಮುಚ್ಚಳದ ಮೇಲಿನ ಮಣ್ಣು

ಡಬ್ಬಿಗೆ ಚೀಟಿ ಅಂಟಿಸಿದರೆ ಆಮೇಲೆ ಉಜ್ಜಿ ತೊಳೆಯುವವರು ಯಾರು ಎಂದು ಕುಂಡಪ್ಪ ಯಾವಾಗಲೂ ಒಳಗಿರುವುದರ ಹೆಸರನ್ನು ಮುಚ್ಚಳದ ಮೇಲೇ ಬರೆಯುತ್ತಿದ್ದ. ತನ್ನ ಸೋಮಾರಿತನವನ್ನು ಅವನು ಜಾಣತನ ಎಂದು ಕರೆಯುತ್ತಿದ್ದ. ಧಾನ್ಯ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕುಂಡಗಳಿಗೆ ನೀರು ಹಾಕಿ ಹಾಕಿಯೇ ಆ ಅಡ್ಡಹೆಸರು ಬಂದಿತ್ತು. ಹನ್ನೊಂದು ವರ್ಷವಾದರೂ ಕೆಲಸ ಮಾತ್ರ ಕಾಯಂ ಆಗಿರಲಿಲ್ಲ. "ಈ ಪ್ರಯೋಗ ಗೆಲ್ಲಲಿ, ನಿಮ್ಮನ್ನ ಕಾಯಂ ಮಾಡೋಕೆ ನಾನೇ ಬರೀತೀನಿ" ಎಂದಿದ್ದರು ಪ್ರಯೋಗ ನಡೆಸುತ್ತಿದ್ದ ವಿಜ್ಞಾನಿ ಮೇಡಂ. ಪ್ರಯೋಗ ಇಷ್ಟೇ: ಒಂದೇ ಬೀಜ, ಎರಡು ಮಣ್ಣು, ಯಾವ ಮಣ್ಣಿನ ಗೋಧಿಯಲ್ಲಿ ಪ್ರೋಟೀನ್ ಹೆಚ್ಚು?

ಅಂದು ಬೆಳಿಗ್ಗೆ ಕಾಳಿಗೆ ಗಾಳಿಯಾಡಲೆಂದು ಎರಡೂ ಡಬ್ಬಿ ತೆರೆದಿಟ್ಟು ಕೈ ತೊಳೆದು ಬರುವಷ್ಟರಲ್ಲಿ, ಕಸ ಗುಡಿಸುವಾಕೆ ಮೇಜು ಒರೆಸಿ, ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ ಒಪ್ಪವಾಗಿ ಜೋಡಿಸಿಬಿಟ್ಟಿದ್ದಳು. ಕಪ್ಪು ಮಣ್ಣಿನದು ಯಾವುದು, ಮರಳು ಮಣ್ಣಿನದು ಯಾವುದು? ಕಣ್ಣಿಗೆ ಎರಡೂ ಅವಳಿ ಮಕ್ಕಳ ಹಾಗಿದ್ದವು.

"ಅಗಿದು ನೋಡಪ್ಪಾ" ಎಂದ ಕಚೇರಿಯ ಡ್ರೈವರ್. "ಪ್ರೋಟೀನ್ ಜಾಸ್ತಿ ಇದ್ರೆ ಬಾಯಲ್ಲಿ ಗೋಂದಿನ ಥರ ಅಂಟುತ್ತೆ."

ಕುಂಡಪ್ಪ ಅಗಿದ. ಏನೂ ಗೊತ್ತಾಗಲಿಲ್ಲ. "ನಿಂಗೆ ನಾಲಿಗೆನೇ ಇಲ್ಲ, ಕೊಡು ಇಲ್ಲಿ" ಎಂದು ಟೈಪಿಸ್ಟ್ ಅಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಸ್ಟೋರಿನವರು ಬಂದರು, ಕಾವಲುಗಾರ ಬಂದ. ಅರ್ಧ ಗಂಟೆಯಲ್ಲಿ ಇಡೀ ಕಚೇರಿ ಮೆಲುಕು ಹಾಕುತ್ತಿತ್ತು. ಎಡಗಡೆ ಡಬ್ಬಿಯದೇ ಹೆಚ್ಚು ಅಂಟು ಎಂದು ಕೊನೆಗೆ ಎಲ್ಲರೂ ಒಪ್ಪಿದರು.

"ಹಾಗಾದ್ರೆ ಅದೇ ಕಪ್ಪು ಮಣ್ಣಿಂದು" ಎಂದಳು ಟೈಪಿಸ್ಟ್ ಅಕ್ಕ. "ಮರಳಲ್ಲಿ ಎಂಥ ಸತ್ವ, ಮಣ್ಣಾಂಗಟ್ಟಿ!"

ಕುಂಡಪ್ಪ ಹಾಗೆಯೇ ಮುಚ್ಚಳ ಹಾಕಿದ. ಡಬ್ಬಿಗಳಲ್ಲಿ ಒಂದೇ ಒಂದು ಸಲದ ಪರೀಕ್ಷೆಗೆ ಸಾಲುವಷ್ಟು ಕಾಳು ಉಳಿದಿತ್ತು.

ಮಧ್ಯಾಹ್ನ ಮೇಡಂ ಪ್ರೋಟೀನ್ ಅಳೆಯುವ ಯಂತ್ರದ ಮುಂದಿನಿಂದ ಎದ್ದು ಬಂದರು. ಮುಖ ಬಾಡಿತ್ತು.

"ಕಪ್ಪು ಮಣ್ಣಿಂದೇ ಜಾಸ್ತಿ ಬಂತು."

ಕುಂಡಪ್ಪನಿಗೆ ಹೋದ ಜೀವ ಬಂದಂತಾಯಿತು. "ಒಳ್ಳೇದೇ ಆಯ್ತಲ್ಲ ಮೇಡಂ!"

"ಏನು ಒಳ್ಳೇದು? ಸೋಮವಾರ ನಾನೊಬ್ಬಳೇ ನೋಡಿದಾಗ ಮರಳು ಮಣ್ಣಿಂದು ಜಾಸ್ತಿ ಬಂದಿತ್ತು. ಬೆಳೆ ಕಮ್ಮಿ, ಆದ್ರೆ ಬಂದ ಕಾಳಲ್ಲಿ ಪ್ರೋಟೀನ್ ಗಟ್ಟಿ! ಯಾರಿಗೂ ಹೇಳಿರಲಿಲ್ಲ. ಇವತ್ತೂ ಹಾಗೇ ಬಂದಿದ್ರೆ ಕಳಿಸೋಣ ಅಂತ ವರದಿ, ಅದರ ಜೊತೆ ನಿಮ್ಮ ಕಾಯಂ ಪತ್ರ, ಎರಡೂ ಬರೆದಿಟ್ಟಿದ್ದೆ. ಸೋಮವಾರ ನಾನೇ ಎಲ್ಲೋ ಎಡವಿದೀನಿ ಕಣ್ರೀ. ಎರಡನ್ನೂ ಹರಿದುಹಾಕ್ದೆ."

ನಾಲ್ಕು ತಿಂಗಳು ಮಗುವಿನಂತೆ ಸಾಕಿದ ಪೈರು ಸತ್ಯವನ್ನೇ ಹೇಳಿತ್ತು, ಅದರ ಬಾಯಿ ಮುಚ್ಚಿಸಿದವನು ತಾನು. ಕುಂಡಪ್ಪನಿಗೆ ಅಳು ಒತ್ತರಿಸಿ ಬಂತು.

"ಮೇಡಂ, ತಪ್ಪು ನಿಮ್ಮದಲ್ಲ. ಇವತ್ತು ಮುಚ್ಚಳ ಅದಲುಬದಲಾಯ್ತು. ನಾನೇ ಮಾಡಿದ್ದು."

ಮೇಡಂ ಕಣ್ಣೊರೆಸಿಕೊಂಡು ಅವನ ಭುಜ ತಟ್ಟಿದರು. "ನನ್ನ ಮರ್ಯಾದೆ ಉಳಿಸೋಕೆ ನೀವು ತಪ್ಪು ಹೊತ್ಕೋಬೇಡಿ. ಇಷ್ಟು ಒಳ್ಳೆಯವರಿಗೆ ನನ್ನ ಕೈಲಿ ಏನೂ ಮಾಡೋಕಾಗ್ಲಿಲ್ವಲ್ಲ!"